ಶೆಟ್ಟಿಹಳ್ಳಿ ಚರ್ಚ್ ಕಟ್ಟಿಸಿದ್ದು ಅಬ್ಬೆ ದುಬೊಯಿ ಅಲ್ಲ! ಹಾಗಾದ್ರೆ ಯಾರು?

ಹಾಸನ: ಮಳೆಗಾಲ ಬಂತು ಅಂದ್ರೆ ಹಿನ್ನೀರಲ್ಲಿ ಅರ್ಧ ಮುಳುಗಿದ ಶೆಟ್ಟಿಹಳ್ಳಿ ಚರ್ಚ್‌ನ ರೀಲ್ಸ್ ಎಲ್ಲರ ಮೊಬೈಲ್‌ನಲ್ಲೂ ಓಡಾಡುತ್ತೆ. ಜೊತೆಗೆ ಒಂದು ತಪ್ಪು ಮಾಹಿತಿಯೂ ಬರುತ್ತೆ. ಕಟ್ಟಿಸಿದ್ದು ಫ್ರೆಂಚ್ ಪಾದ್ರಿ ಅಬ್ಬೆ ದುಬೊಯಿ ಅಂತ.

ಲೆಕ್ಕ ಹಾಕಿ ನೋಡಿ. ಚರ್ಚ್ ಕಟ್ಟಿದ್ದು 1860ರ ಸುಮಾರಿಗೆ. ದುಬೊಯಿ 1823ರಲ್ಲೇ ಇಂಡಿಯಾ ಬಿಟ್ಟು ಹೋದರು, 1848ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು.

ಹಾಗಂತ ಅವರಿಗೂ ಈ ಭಾಗಕ್ಕೂ ನಂಟೇ ಇಲ್ಲ ಅಂತಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದವರು ಅವರೇ. ಹಾಸನದ ಹತ್ತಿರ ಬೇಸಾಯ ಮಾಡಿಕೊಂಡಿರಲು ನೆಲೆ ಮಾಡಿಕೊಟ್ಟರು, ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಿದರು. ಜನ ಅವರನ್ನು 'ದೊಡ್ಡಸ್ವಾಮಿ' ಅಂತಿದ್ದರು. ಆ ಹೆಸರು ಎಷ್ಟು ದೊಡ್ಡದಾಯ್ತು ಅಂದ್ರೆ, ಆಮೇಲೆ ಬಂದ ಫ್ರೆಂಚ್ ಮಿಷನರಿಗಳು ಕಟ್ಟಿದ ಈ ರೋಸರಿ ಚರ್ಚೂ ಅವರ ಖಾತೆಗೇ ಜಮೆ ಆಗಿಬಿಟ್ಟಿದೆ.

ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗೀತು. ಊರಿನವರು ಗಂಟುಮೂಟೆ ಕಟ್ಟಿದರು, ಚರ್ಚ್ ಅಲ್ಲೇ ಉಳೀತು. ಈಗ ಚಾವಣಿ ಇಲ್ಲ. ವರ್ಷಾ ವರ್ಷ ನೀರಲ್ಲಿ ನೆನೆದು ಬಿಸಿಲಿಗೆ ಒಣಗೋ ಗೋಡೆ ಎಷ್ಟು ದಿನ ತಡೆಯುತ್ತೆ? ಈಗಾಗಲೇ ಕೆಲವು ಕಡೆ ಕುಸಿದಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಫೋಟೊಗೆ ಅಂತ ಹೋಗೋರು ಗೋಡೆ ಹತ್ತದೆ, ಕಮಾನಿನ ಕೆಳಗೆ ನಿಲ್ಲದೆ ದೂರದಿಂದಲೇ ನೋಡಿ ಬರೋದು ಒಳ್ಳೇದು.