ಗರ್ಭಿಣಿಗೆ ಗಾಂಜಾ ಅಂಗಡಿಯ ಸಲಹೆ: ನಂಬುವುದೆಷ್ಟು?

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಗಾಂಜಾ ಕದ್ದುಮುಚ್ಚಿ ಮಾರುವ ಸರಕಲ್ಲ. ಚಿಕಿತ್ಸೆಗಾಗಿ ಅದರ ಬಳಕೆಗೆ ಅಲ್ಲಿನ ಮತದಾರರು 2000ದಲ್ಲೇ ಒಪ್ಪಿಗೆಯಿತ್ತಿದ್ದರು. 21 ವರ್ಷ ತುಂಬಿದ ಯಾರು ಬೇಕಾದರೂ ಬಳಸಬಹುದೆಂದು 2012ರ ನವೆಂಬರ್‌ನಲ್ಲಿ ಮತ್ತೊಮ್ಮೆ ಮತ ನೀಡಿದರು. 2014ರ ಜನವರಿ 1ರಿಂದ ಪರವಾನಗಿ ಪಡೆದ ಮಳಿಗೆಗಳಲ್ಲಿ ಒಣ ಹೂವು, ಎಣ್ಣೆ, ಚಾಕೊಲೇಟ್, ಮಿಠಾಯಿಗಳ ರೂಪದಲ್ಲಿ ಅದು ಬಹಿರಂಗವಾಗಿ ಮಾರಾಟವಾಗುತ್ತಿದೆ. ಕೌಂಟರಿನ ಹಿಂದೆ ನಿಂತು ಯಾವ ತೊಂದರೆಗೆ ಯಾವ ಸರಕು ಒಳ್ಳೆಯದೆಂದು ಹೇಳುವ ನೌಕರನನ್ನು ಅಲ್ಲಿ ‘ಬಡ್‌ಟೆಂಡರ್’ ಎನ್ನುತ್ತಾರೆ. ಆತ ವೈದ್ಯನೂ ಅಲ್ಲ, ಔಷಧ ವಿಜ್ಞಾನ ಓದಿ ನೋಂದಣಿ ಪಡೆದ ಫಾರ್ಮಸಿಸ್ಟನೂ ಅಲ್ಲ.

ಇಂಥವನ ಬಳಿ ಗರ್ಭಿಣಿಯೊಬ್ಬಳು ಸಲಹೆ ಕೇಳಿದರೆ ಏನಾಗುತ್ತದೆ? ಡೆನ್ವರ್ ನಗರದ ವೈದ್ಯಕೀಯ ಸಂಶೋಧಕರು ಇದನ್ನು ನೇರವಾಗಿ ಪರೀಕ್ಷಿಸಿದರು. ರಾಜ್ಯದ 400 ಮಳಿಗೆಗಳಿಗೆ ದೂರವಾಣಿ ಕರೆ ಹೋಯಿತು. ತಾನು ಎಂಟು ವಾರದ ಬಸುರಿ, ವಾಕರಿಕೆ ತಡೆಯಲಾಗುತ್ತಿಲ್ಲ, ಇದಕ್ಕೆ ನಿಮ್ಮಲ್ಲಿ ಏನಾದರೂ ಇದೆಯೇ ಎಂಬುದು ಕರೆಯ ಸಾರ. ಕರೆ ಮಾಡಿದಾಕೆ ಸಂಶೋಧನಾ ತಂಡದವಳೆಂದು ಅಂಗಡಿಯವರಿಗೆ ತಿಳಿದಿರಲಿಲ್ಲ.

ಅಧ್ಯಯನದ ವರದಿ 2018ರಲ್ಲಿ ಅಮೆರಿಕದ ಪ್ರಸೂತಿ ತಜ್ಞರ ಸಂಘಟನೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. 400ರಲ್ಲಿ 277 ಮಳಿಗೆಗಳು, ಅಂದರೆ ಶೇ. 69ರಷ್ಟು, ವಾಕರಿಕೆಗೆ ಗಾಂಜಾ ಉತ್ಪನ್ನವನ್ನೇ ಸೂಚಿಸಿದ್ದವು. ಚಿಕಿತ್ಸೆಯ ಉದ್ದೇಶಕ್ಕಷ್ಟೇ ಮಾರುವ ಮಳಿಗೆಗಳಲ್ಲಾದರೂ ಎಚ್ಚರಿಕೆ ಹೆಚ್ಚಿರಬೇಕಿತ್ತಲ್ಲವೇ? ಆದದ್ದು ತಿರುಗುಮುರುಗು. ಸಾಮಾನ್ಯ ಚಿಲ್ಲರೆ ಮಳಿಗೆಗಳಲ್ಲಿ ಹೀಗೆ ಸಲಹೆ ನೀಡಿದವು ಶೇ. 60ರಷ್ಟಾದರೆ, ‘ವೈದ್ಯಕೀಯ’ ಮಳಿಗೆಗಳಲ್ಲಿ ಅವು ಶೇ. 83. ಗರ್ಭಾವಸ್ಥೆಯಲ್ಲಿ ಗಾಂಜಾ ಸುರಕ್ಷಿತ ಎಂದೇ ಹೇಳಿದವರು ಶೇ. 36.

ಇನ್ನೂ ಎರಡು ಅಂಕಿಗಳು ಗಮನಾರ್ಹ. ಮೊದಲನೆಯದು, ಶೇ. 65ರಷ್ಟು ಮಂದಿಯ ಸಲಹೆಗೆ ಆಧಾರ ಸ್ವಂತ ಅಭಿಪ್ರಾಯವಷ್ಟೇ. ಎರಡನೆಯದು, ವೈದ್ಯರನ್ನು ಕಾಣುವಂತೆ ಕೊನೆಗೆ ಹೇಳಿದವರು ಶೇ. 81ಕ್ಕೂ ಹೆಚ್ಚಾದರೂ, ಕೇಳುವ ಮೊದಲೇ ತಾವಾಗಿ ಆ ಮಾತೆತ್ತಿದವರು ಶೇ. 32 ಮಾತ್ರ. ಉಳಿದವರು ವೈದ್ಯರ ಹೆಸರೆತ್ತಿದ್ದು, ಆಕೆಯೇ ಆ ವಿಷಯ ಕೆದಕಿದ ಮೇಲೆ. ವಾಕರಿಕೆಯಿಂದ ಬಳಲಿದ ಹೆಣ್ಣುಮಗಳು ಅಷ್ಟು ಹೊತ್ತಿಗೆ ಬೇಕಾದ ಉತ್ತರ ಪಡೆದು ಫೋನಿಟ್ಟಿರುವ ಸಂಭವವೇ ಹೆಚ್ಚು. ಅಂಗಡಿಯವರಿಗೆ ಕೆಟ್ಟ ಉದ್ದೇಶವಿತ್ತೆಂದು ಭಾವಿಸಬೇಕಾಗಿಲ್ಲ. ತನಗೆ, ತನ್ನ ಗೆಳೆಯರಿಗೆ ಆದ ಅನುಭವವನ್ನೇ ಜ್ಞಾನವೆಂದು ನಂಬಿ ಹೇಳುವವರೂ ಅವರಲ್ಲಿದ್ದಿರಬಹುದು. ಆದರೆ ಆ ಅನುಭವದಲ್ಲಿ ಭ್ರೂಣಕ್ಕೆ ಸ್ಥಾನವಿಲ್ಲ.

ವೈದ್ಯಶಾಸ್ತ್ರ ಹೇಳುವುದು ಬೇರೆ. ಗಾಂಜಾದಲ್ಲಿ ಅಮಲು ತರುವ ಟಿಎಚ್‌ಸಿ ಎಂಬ ರಾಸಾಯನಿಕ, ಸೇದಿದರೂ ತಿಂದರೂ ತಾಯಿಯ ರಕ್ತ ಸೇರುತ್ತದೆ. ಅಲ್ಲಿಂದ ಮಾಸುವನ್ನು ದಾಟಿ ಭ್ರೂಣವನ್ನು ಮುಟ್ಟುತ್ತದೆ. ಹೊಗೆಯಿಲ್ಲದ ಮಿಠಾಯಿ ಶ್ವಾಸಕೋಶವನ್ನು ಉಳಿಸೀತೇ ಹೊರತು ಮಗುವನ್ನಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದ 6.6 ಲಕ್ಷಕ್ಕೂ ಹೆಚ್ಚು ಗರ್ಭಿಣಿಯರ ದಾಖಲೆ ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನ ಹೀಗಿದೆ: ತಂಬಾಕು ಮೊದಲಾದ ಇತರ ಕಾರಣಗಳನ್ನು ಸರಿದೂಗಿಸಿ ಹೋಲಿಸಿದಾಗಲೂ ಅವಧಿಪೂರ್ವ ಹೆರಿಗೆ ಗಾಂಜಾ ಬಳಸಿದವರಲ್ಲಿ ಶೇ. 10.2, ಬಳಸದವರಲ್ಲಿ ಶೇ. 7.2. ಶಿಶುವಿನ ತೂಕ ಕಡಿಮೆಯಾಗುವುದನ್ನೂ ಹಲವು ಅಧ್ಯಯನಗಳು ಗುರುತಿಸಿವೆ. ಇವು ಗಾಂಜಾವೇ ಕಾರಣವೆಂಬುದಕ್ಕೆ ಅಂತಿಮ ಪುರಾವೆಗಳಲ್ಲ. ಗರ್ಭಿಣಿಯರಿಗೆ ಗಾಂಜಾ ಕೊಟ್ಟು ಪ್ರಯೋಗ ನಡೆಸಲು ಯಾವ ನೀತಿಸಂಹಿತೆಯೂ ಒಪ್ಪುವುದಿಲ್ಲ. ಆದರೆ ಸುರಕ್ಷಿತ ಎನ್ನಲು ಯಾವ ಆಧಾರವೂ ಇಲ್ಲವೆಂಬುದು ಮಾತ್ರ ಸ್ಪಷ್ಟ. ಗರ್ಭಿಣಿಯರು ಗಾಂಜಾ ಬಳಸದಂತೆ ಅಮೆರಿಕದ ಪ್ರಸೂತಿ ತಜ್ಞರ ಸಂಘಟನೆ ಸಲಹೆ ನೀಡಿದೆ. 2019ರ ಆಗಸ್ಟ್‌ನಲ್ಲಿ ಆ ದೇಶದ ಸರ್ಜನ್ ಜನರಲ್ ಕೂಡ ಇದೇ ಎಚ್ಚರಿಕೆ ಹೊರಡಿಸಿದರು.

ಮತ್ತೊಂದು ವಿಪರ್ಯಾಸವೂ ಇದೆ. ಬಹುಕಾಲ ಗಾಂಜಾ ಬಳಸಿದ ಕೆಲವರಲ್ಲಿ ಅದೇ ತೀವ್ರ ವಾಂತಿ ತರುತ್ತದೆಂದು ಆಸ್ಟ್ರೇಲಿಯಾದ ವೈದ್ಯರು 2004ರಲ್ಲಿ ವರದಿ ಮಾಡಿದ್ದರು. ಬಸುರಿಯಲ್ಲಿ ಯಾವ ವಾಂತಿ ಯಾವುದರಿಂದ ಎಂದು ಫೋನಿನಲ್ಲಿ ಬೇರ್ಪಡಿಸುವುದು ಯಾರಿಂದಲೂ ಆಗದು.

ಹಾಗಿದ್ದರೂ ಮಹಿಳೆಯರು ಅಂಗಡಿಯವನನ್ನೇಕೆ ಕೇಳುತ್ತಾರೆ? ಸುಲಭವಾಗಿ ಸಿಗುತ್ತಾನೆ ಎಂಬುದೊಂದು ಕಾರಣ. ಭಯ ಇನ್ನೊಂದು. ಗರ್ಭಿಣಿ ಅಥವಾ ನವಜಾತ ಶಿಶುವಿನ ಪರೀಕ್ಷೆಯಲ್ಲಿ ಮಾದಕ ವಸ್ತು ಪತ್ತೆಯಾದರೆ ಮಕ್ಕಳ ರಕ್ಷಣಾ ಇಲಾಖೆಗೆ ವರದಿ ಹೋಗುವ ವ್ಯವಸ್ಥೆ ಅಮೆರಿಕದ ಹಲವು ರಾಜ್ಯಗಳಲ್ಲಿದೆ. ಮಗುವನ್ನು ಕಿತ್ತುಕೊಂಡಾರೆಂಬ ಅಂಜಿಕೆಯಿರುವಾಕೆ ವೈದ್ಯರ ಮುಂದೆ ಬಾಯಿ ಬಿಡುವಳೇ? ಅಂಗಡಿಯವನಾದರೋ ಹೆಸರು ಕೇಳುವುದಿಲ್ಲ, ಗದರುವುದಿಲ್ಲ. ಗರ್ಭಿಣಿಯರಿಗೆ ಅಪಾಯವಿರಬಹುದೆಂಬ ಎಚ್ಚರಿಕೆಯನ್ನು ಪೊಟ್ಟಣದ ಮೇಲೆ ಮುದ್ರಿಸುವುದು ಕೊಲರಾಡೊದಲ್ಲಿ ಕಡ್ಡಾಯ. ಪೊಟ್ಟಣ ಹೇಳುವುದಕ್ಕೆ ವಿರುದ್ಧವಾದುದನ್ನು ಅದನ್ನು ಮಾರುವವನ ಬಾಯಿ ಹೇಳುತ್ತಿದೆ, ಅಷ್ಟೇ.

ಭಾರತದಲ್ಲಿ 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಗಾಂಜಾ ಮಾರಾಟ ಅಪರಾಧವಾದ್ದರಿಂದ ಇಂಥ ಕೌಂಟರು ಇಲ್ಲಿಲ್ಲ. ಆದರೆ ಗಾಂಜಾ ಮಳಿಗೆಗಳು ಕಾನೂನುಬದ್ಧವಾಗಿರುವ ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೆ ಇದು ದೂರದ ಮಾತಲ್ಲ.

ಬಸಿರಿನ ವಾಕರಿಕೆಗೆ ಬೇರೆ ಮದ್ದೇ ಇಲ್ಲವೆಂದೇನಲ್ಲ. ವಿಟಮಿನ್ ಬಿ6 ಮತ್ತು ಡಾಕ್ಸಿಲಮೈನ್ ಬೆರೆತ ಮಾತ್ರೆಯನ್ನು ವೈದ್ಯರು ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ಭಾರತದಲ್ಲೂ ಅದು ಪರಿಚಿತವೇ. ಅಮೆರಿಕದಲ್ಲಿ ಇದೇ ಸಂಯೋಜನೆಯ ‘ಬೆಂಡೆಕ್ಟಿನ್’ ಮಾತ್ರೆಯಿಂದ ಅಂಗವೈಕಲ್ಯ ಉಂಟಾಗುತ್ತದೆಂಬ ಮೊಕದ್ದಮೆಗಳ ಹೊಡೆತಕ್ಕೆ ಕಂಪನಿ 1983ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ಅಧ್ಯಯನಗಳು ಆ ಆರೋಪವನ್ನು ಎತ್ತಿಹಿಡಿಯಲಿಲ್ಲ. ಬೇರೆ ಹೆಸರಿನಲ್ಲಿ ಆ ಮದ್ದಿಗೆ ಅಲ್ಲಿ ಮತ್ತೆ ಅನುಮತಿ ದೊರೆತದ್ದು 2013ರ ಏಪ್ರಿಲ್‌ನಲ್ಲಿ, ಕೊಲರಾಡೊದ ಚಿಲ್ಲರೆ ಗಾಂಜಾ ಮಳಿಗೆಗಳು ಬಾಗಿಲು ತೆರೆಯುವುದಕ್ಕೆ ಒಂಬತ್ತು ತಿಂಗಳು ಮುಂಚೆ.