ಅತ್ತೆಯ ಸೀರೆಗಳನ್ನು ಏನು ಮಾಡಲಿ?

ಮನೆಯಲ್ಲಿ ಯಾರಾದರೂ ತೀರಿಕೊಂಡು ಹದಿನೈದು ದಿನ ಕಳೆದ ಮೇಲಿನ ಮಧ್ಯಾಹ್ನ ಹೇಗಿರುತ್ತದೆ, ನಿಮಗೆ ಗೊತ್ತಲ್ಲ? ಬೀಗರು ಊರಿಗೆ ಹೋಗಿರುತ್ತಾರೆ. ಶಾಮಿಯಾನದವನು ಕುರ್ಚಿ ಎಣಿಸಿಕೊಂಡು ಒಯ್ದಿರುತ್ತಾನೆ. ಯಜಮಾನರು ಡ್ಯೂಟಿಗೆ, ಮಕ್ಕಳು ಶಾಲೆಗೆ. ನೀವು ಮಾತ್ರ ರೂಢಿಯಂತೆ ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕಿ, ಕುಕ್ಕರಿನ ಮುಂದೆ ನಿಂತುಬಿಟ್ಟಿರುತ್ತೀರಿ. ನಿಜವಾದ ಅಳು ಬರುವುದು ಆಗ. ಆದರೆ ಸಮಾಧಾನ ಹೇಳುವವರು ಆ ಹೊತ್ತಿಗೆ ಯಾರೂ ಇರುವುದಿಲ್ಲ!

ಬೀದರಿನ ಮೈಲೂರಿನಲ್ಲಿರುವ ಪರಿಚಯದ ಗೃಹಿಣಿಯೊಬ್ಬರು 2021ರ ಮೇ ತಿಂಗಳಲ್ಲಿ, ಕೊರೊನಾ ಎರಡನೇ ಅಲೆಯ ಹೊತ್ತಿನಲ್ಲಿ, ಅತ್ತೆಯನ್ನು ಕಳೆದುಕೊಂಡರು. ಅತ್ತೆ-ಸೊಸೆ ಜಗಳವಾಡದ ದಿನವಿರಲಿಲ್ಲ, ಒಬ್ಬರನ್ನು ಬಿಟ್ಟು ಒಬ್ಬರು ಚಹಾ ಕುಡಿದ ದಿನವೂ ಇರಲಿಲ್ಲ. “ಮುಖಾನೂ ನೆಟ್ಟಗ ನೋಡ್ಲಿಲ್ಲರಿ. ಭಜನಿ ಇಲ್ಲ, ಮಂದಿ ಇಲ್ಲ. ಹಾಂಗೇ ಒಯ್ದ್ರು. ಈಗೂ ನಸಿಕಿನ್ಯಾಗ ಎದ್ದು ಎರಡು ಕಪ್ ಚಾ ಇಡ್ತೀನಿ ನೋಡ್ರಿ” ಎಂದರು ಮೊನ್ನೆ. ಅಲಮಾರದಲ್ಲಿ ಅತ್ತೆಯ ಸೀರೆಗಳು ಮಡಿಕೆ ಬಿಚ್ಚದೆ ಹಾಗೇ ಇವೆ. ಕೊಟ್ಟುಬಿಡು ಅನ್ನುತ್ತಾರೆ ಕೆಲವರು. ಸುಟ್ಟುಬಿಡು ಅಂದವರೂ ಇದ್ದಾರಂತೆ. “ಏನ್ ಮಾಡ್ಲಿ ಅಕ್ಕಾ?” ಎಂಬುದು ಅವರ ಪ್ರಶ್ನೆ.

ಇದು ಬರೀ ಸೀರೆಯ ಪ್ರಶ್ನೆಯಲ್ಲ ಎಂದು ನಿಮಗೂ ಅನ್ನಿಸಿರಬೇಕು.

ಸಾವಿನ ಶಾಸ್ತ್ರಗಳನ್ನು ನಾವು ಓದಿದವರು “ಮಂದಿಗಾಗಿ ಮಾಡುವುದು” ಎಂದು ಹಗುರವಾಗಿ ಮಾತಾಡಿದ್ದುಂಟು. ಅವು ತಪ್ಪಿಹೋದಾಗಲೇ ಅವುಗಳ ಬೆಲೆ ಗೊತ್ತಾಯಿತು. ನಮ್ಮ ಕಡೆಯ ಲಿಂಗಾಯತರ ಮನೆಗಳಲ್ಲಿ ದೇಹವನ್ನು ಕೂರಿಸಿ, ವಿಭೂತಿ ಹಚ್ಚಿ, ರಾತ್ರಿಯಿಡೀ ಭಜನೆ ಮಾಡುತ್ತಾರೆ. ಒಲೆ ಹಚ್ಚದ ಆ ಮನೆಗೆ ನೆರೆಯವರು ಬುತ್ತಿ ತರುತ್ತಾರೆ. ಮುಸಲ್ಮಾನರಲ್ಲಿ ಮೂರನೆಯ ದಿನದ ಜಿಯಾರತ್, ನಲವತ್ತನೆಯ ದಿನದ ಫಾತಿಹಾ ಇದೆ. ಹೀಗೆ ಪ್ರತಿಯೊಂದು ಮನೆತನಕ್ಕೂ ದಿನ ಎಣಿಸಿಕೊಡುವ ಒಂದು ಲೆಕ್ಕವಿದೆ. ಏನು ಮಾಡಬೇಕೆಂದು ತೋಚದ ಕೈಗೆ ಅದು ಕೆಲಸ ಕೊಡುತ್ತದೆ. ಬಂದವರು ಮತ್ತೆ ಮತ್ತೆ “ಹ್ಯಾಂಗಾತು?” ಎಂದು ಕೇಳುವುದರಿಂದ ಸತ್ತ ಸುದ್ದಿಯನ್ನು ಹತ್ತು ಸಲ ನಮ್ಮ ಬಾಯಿಂದಲೇ ಹೇಳಬೇಕಾಗುತ್ತದೆ. ಹೇಳುತ್ತ ಹೇಳುತ್ತ ಮನಸ್ಸು ಅದನ್ನು ನಂಬಲು ಶುರು ಮಾಡುತ್ತದೆ.

ನಮ್ಮ ಹಳ್ಳಿಯ ಹೆಂಗಸರು ಸತ್ತವರ ಗುಣ, ಉಪಕಾರ, ಸಿಟ್ಟು ಎಲ್ಲವನ್ನೂ ಹಾಡಿನಂತೆ ಎತ್ತಿ ಅಳುವುದನ್ನು ನೀವು ಕೇಳಿದ್ದೀರಾ? ಹಾಡ್ಯಾಡಿ ಅಳುವುದು ಎನ್ನುತ್ತಾರೆ. ಸಿಟಿಯ ಅಪಾರ್ಟ್‌ಮೆಂಟಿಗೆ ಬಂದ ನಾವು ಪಕ್ಕದ ಮನೆಯವರಿಗೆ ಕೇಳಿಸೀತೆಂದು ಬಾಯಿಗೆ ಸೆರಗು ಒತ್ತಿಕೊಳ್ಳುತ್ತೇವೆ. ಯಾವುದು ಜಾಣತನ, ನೀವೇ ಹೇಳಿ!

ಮೊಹರಂ ದಿನಗಳಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಹಳ್ಳಿಗಳಿಗೆ ಹೋಗಿ ನೋಡಿ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಮಡಿದ ಹುಸೇನರ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಹಾಡುವವರಲ್ಲಿ ಹಿಂದೂಗಳೂ ಇರುತ್ತಾರೆ, ಅಲಾಯಿ ದೇವರಿಗೆ ಸಕ್ಕರೆ ಓದಿಸುವ ತಾಯಂದಿರೂ ಇರುತ್ತಾರೆ. ಎಷ್ಟೋ ಹೆಣ್ಣುಮಕ್ಕಳು ಕಥೆಯ ತಾಯಿಗಾಗಿ ಅಳುತ್ತ ತಮ್ಮ ಸ್ವಂತ ಮಗುವನ್ನೂ ನೆನೆಸಿಕೊಂಡು ಅಳುತ್ತಾರೆ. ಬೀದರಿಗೆ ಹತ್ತಿರದ ಅಷ್ಟೂರಿನ ಗುಮ್ಮಟಗಳದೂ ಇಂಥದೇ ಮಾತು. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿಯ ಗೋರಿಗೆ ಇಂದಿಗೂ ಎರಡೂ ಧರ್ಮದವರು ನಡೆದುಕೊಳ್ಳುತ್ತಾರೆ. ಹಿಂದೂ ಭಕ್ತರಿಗೆ ಅವನು ಅಲ್ಲಮಪ್ರಭು. ಮನಸ್ಸು ಭಾರವಾದಾಗ ಹೋಗಿ ಕೂರಲು ಒಂದು ಜಾಗ ಬೇಕು, ಅಷ್ಟೇ. ಅದು ಪಾಪನಾಶದ ಶಿವಾಲಯವಾಗಲಿ, ನಾನಕ್ ಝೀರಾದ ಗುರುದ್ವಾರವಾಗಲಿ, ನಿಮ್ಮ ಚರ್ಚ್ ಆಗಲಿ.

ಹಾಗೆಂದು ಎಲ್ಲ ಶಾಸ್ತ್ರವೂ ಒಳ್ಳೆಯದೆಂದು ನಾನು ಹೇಳುವವಳಲ್ಲ. ಗಂಡ ಸತ್ತವಳನ್ನು ಹತ್ತು ಮಂದಿಯ ನಡುವೆ ಕೂರಿಸಿ ಬಳೆ ಒಡೆಯುವುದು, ಕುಂಕುಮ ಅಳಿಸುವುದು ಯಾವ ಸಮಾಧಾನ? ನಿಮ್ಮ ಮನೆಯಲ್ಲಿ ಆ ಮಾತು ಬಂದರೆ ಹಿರಿಯ ಹೆಣ್ಣುಮಕ್ಕಳಾದ ನೀವೇ “ಬ್ಯಾಡ” ಅನ್ನಿ. ಗಂಡಸರು ಹೇಳಲೆಂದು ಕಾಯಬೇಡಿ.

ಇನ್ನು ಶಾಸ್ತ್ರ ತಪ್ಪಿಹೋದವರು ಏನು ಮಾಡಬೇಕು? ಮೈಲೂರಿನ ಆ ತಂಗಿಗೆ ನಾನು ಹೇಳಿದ್ದು ಇಷ್ಟೇ. ತಡವಾಯಿತೆಂದು ದೇವರೇನೂ ಸಿಟ್ಟಾಗುವುದಿಲ್ಲ. ಅತ್ತೆಯ ನೆನಪಿನ ದಿನ ಓಣಿಯ ಭಜನಾ ಮಂಡಳಿಯವರನ್ನು ಕರೆಯಿರಿ, ಅವರಿಗಿಷ್ಟವಾದ ಹೋಳಿಗೆ ಮಾಡಿ, ನಾಲ್ಕು ಮಂದಿಗೆ ಬಡಿಸಿ, ಅವರ ವಿಷಯ ಮಾತಾಡಿ. ಅವರ ಬೈಗುಳವನ್ನೂ ನೆನೆಸಿ ನಗಿರಿ, ಪರವಾಗಿಲ್ಲ!

ಸೀರೆಗೆ? ಕೌದಿ ಹೊಲಿಯಿರಿ ಎಂದೆ. ನಮ್ಮ ಅಜ್ಜಿಯಂದಿರು ಹಳೆ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ ಹೊಲಿಯುತ್ತಿದ್ದುದು ಇದನ್ನೇ ಅಲ್ಲವೇ? ಮಷಿನ್ ಬೇಡ, ಕೈಯಲ್ಲೇ ಹೊಲಿಯಿರಿ. ಕೆಳಗೊಂದು ಗಟ್ಟಿ ಬಟ್ಟೆ, ನಡುವೆ ಸವೆದ ಸೀರೆಗಳು, ಮೇಲೆ ಸೆರಗಿನ ತುಂಡುಗಳು. ದಿನಕ್ಕೆ ಒಂದೆರಡು ಗೇಣು ಸಾಕು. ಮುಗಿಸಲು ಆರು ತಿಂಗಳಾದರೂ ಆಗಲಿ.

ಹೊಲಿಗೆ ಬಾರದವರು ಬರೆಯಿರಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಮನಸ್ಸನ್ನು ಕಲಕಿದ ಘಟನೆ ಬರೆಸಿದ್ದರು. ಬರೆದಾಗ ಬೇಸರ ಹೆಚ್ಚಿತು, ಆದರೆ ಮುಂದಿನ ತಿಂಗಳುಗಳಲ್ಲಿ ಅಂಥವರು ದವಾಖಾನೆಗೆ ಹೋದದ್ದು ಕಡಿಮೆ. ಎಲ್ಲ ದುಃಖಕ್ಕೂ ಇದೇ ಮದ್ದಲ್ಲ ಎಂದು ನಂತರದ ಅಧ್ಯಯನಗಳು ತೋರಿಸಿವೆ, ಅದೂ ನೆನಪಿರಲಿ. ಅತ್ತೆಯ ಕೈಯ ಪುಂಡಿಪಲ್ಯದ ರೀತಿಯನ್ನು ಮೊಮ್ಮಗಳಿಗಾಗಿ ಬರೆದಿಟ್ಟರೂ ಅದು ಬರವಣಿಗೆಯೇ. ಮಗುವಿನ ಸಾವಿನ ನೋವಿನಲ್ಲಿ ಬೇಂದ್ರೆಯವರು ಕವಿತೆ ಬರೆದರು. ನಾವು ಬೇಂದ್ರೆ ಆಗಬೇಕಿಲ್ಲವಲ್ಲ!

“ಇಷ್ಟು ದಿನಾ ಆತು, ಇನ್ನಾ ಅಳ್ಲತ್ತೀ?” ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ದುಃಖಕ್ಕೆ ಐದು ಮೆಟ್ಟಿಲು ಎಂದು ಎಲ್ಲರೂ ಹೇಳುತ್ತಾರೆ. ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ತಾವೇ ಸಾವಿನಂಚಿನಲ್ಲಿದ್ದ ರೋಗಿಗಳ ಬಗ್ಗೆ. ಉಳಿದವರು ಲೆಕ್ಕ ಹಾಕಿ ಹತ್ತಬೇಕಾದ ಮೆಟ್ಟಿಲುಗಳಲ್ಲ ಅವು. ಆದರೆ ವರ್ಷ ಕಳೆದರೂ ದಿನದಿನವೂ ಅದೇ ಸಂಕಟ, ನಿದ್ದೆಯಿಲ್ಲ, ಊಟ ಸೇರದು, ಮನೆಗೆಲಸ ಸಾಗದು ಎಂದಾದರೆ ಅದು ನಿಮ್ಮ ದುರ್ಬಲತೆಯಲ್ಲ. ವೈದ್ಯರೂ ಅದನ್ನು ಚಿಕಿತ್ಸೆ ಬೇಕಾದ ಕಾಯಿಲೆಯೆಂದೇ ಗುರುತಿಸುತ್ತಾರೆ. ಬದುಕುವುದೇ ಬೇಡ ಅನ್ನಿಸಿದರಂತೂ ಒಂದು ದಿನವೂ ಕಾಯಬೇಡಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹರಕೆ ಹೊತ್ತವರು ಡಾಕ್ಟರ ಹತ್ತಿರ ಹೋಗಬಾರದೆಂದು ಯಾವ ದೇವರೂ ಹೇಳಿಲ್ಲ.

ಮೈಲೂರಿನ ಕೌದಿ ಈಗ ಅರ್ಧ ಮುಗಿದಿದೆ. ಮಧ್ಯಾಹ್ನ ಪಕ್ಕದ ಮನೆಯ ಇಬ್ಬರು ಬಂದು ಜೊತೆಗೆ ಕೂರುತ್ತಾರಂತೆ, ಒಬ್ಬರು ತಮ್ಮ ತಾಯಿಯ ಸೀರೆಯ ಅಂಚನ್ನೂ ತಂದುಕೊಟ್ಟಿದ್ದಾರೆ. ಒಂದು ಹಸಿರು ಇಳಕಲ್ ಸೀರೆ ಮಾತ್ರ ಇನ್ನೂ ಕತ್ತರಿಗೆ ಸಿಕ್ಕಿಲ್ಲ. “ಅದು ಇರ್ಲಿ ಅಕ್ಕಾ, ಯುಗಾದಿಗೆ ನಾನೇ ಉಡ್ತೀನಿ” ಎಂದರು.