ಸೇನಾ ನೇಮಕಾತಿಯ ಪುಲ್-ಅಪ್ ಪರೀಕ್ಷೆ: ಅಭ್ಯರ್ಥಿಗಳು ದೇಹಬಲವನ್ನು ಬೆಳೆಸಿಕೊಳ್ಳುವ ಬಗೆ

ಭಾರತೀಯ ಸೇನೆಯಲ್ಲಿ ಅಗ್ನಿವೀರರಾಗಿ ಸೇರಬಯಸುವ ಯುವಕರು ಲಿಖಿತ ಪರೀಕ್ಷೆಯೊಂದಿಗೆ ದೈಹಿಕ ಸಾಮರ್ಥ್ಯ ಪರೀಕ್ಷೆಯಲ್ಲಿಯೂ ಉತ್ತೀರ್ಣರಾಗಬೇಕಾಗುತ್ತದೆ. ಈ ಪರೀಕ್ಷೆಯ ಒಂದು ಮುಖ್ಯ ಭಾಗವೇ ಅಡ್ಡಕಂಬಿಯ ಪುಲ್-ಅಪ್. ನೇಮಕಾತಿ ಮೈದಾನದಲ್ಲಿ ಇದನ್ನು 'ಬೀಮ್' ಎಂದೂ ಕರೆಯುವುದುಂಟು. ಅರ್ಜಿ ಸಲ್ಲಿಸುವ ಅಭ್ಯರ್ಥಿಗಳಿಗೂ ಅವರ ಪೋಷಕರಿಗೂ ಈ ಪರೀಕ್ಷೆಯ ಸ್ವರೂಪ, ಅಭ್ಯಾಸದ ಕ್ರಮ ಹಾಗೂ ವಹಿಸಬೇಕಾದ ಎಚ್ಚರಿಕೆಗಳನ್ನು ತಿಳಿಸುವುದು ಈ ಪುಟದ ಉದ್ದೇಶವಾಗಿದೆ.

2023ರಿಂದ ಆನ್‌ಲೈನ್ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ಮೊದಲು ನಡೆಸಿ, ಅದರಲ್ಲಿ ಆಯ್ಕೆಯಾದವರನ್ನು ನೇಮಕಾತಿ ರ‍್ಯಾಲಿಗೆ ಕರೆಯುವ ಪದ್ಧತಿ ಜಾರಿಗೆ ಬಂದಿದೆ. ಆದುದರಿಂದ, ಮೊದಲು ಓದು, ಫಲಿತಾಂಶ ಬಂದ ಮೇಲೆ ವ್ಯಾಯಾಮ ಎಂದು ಭಾವಿಸುವ ಅಭ್ಯರ್ಥಿಗಳು ಹೆಚ್ಚು. ಇದು ಸರಿಯಾದ ಕ್ರಮವಲ್ಲ. ಪುಲ್-ಅಪ್‌ಗೆ ಬೇಕಾದ ಬಲವು ಕೆಲವು ವಾರಗಳಲ್ಲಿ ಬರುವಂಥದಲ್ಲ. ಅರ್ಜಿ ಸಲ್ಲಿಸಿದ ದಿನದಿಂದಲೇ, ಸಾಧ್ಯವಾದರೆ ಅದಕ್ಕೂ ಮುಂಚಿನಿಂದಲೇ, ಅಭ್ಯಾಸವನ್ನು ಪ್ರಾರಂಭಿಸುವುದು ಅಗತ್ಯ.

1. ಪರೀಕ್ಷೆಯ ಸ್ವರೂಪ ಮತ್ತು ಅಂಕಗಳು

ದೈಹಿಕ ಸಾಮರ್ಥ್ಯ ಪರೀಕ್ಷೆಯಲ್ಲಿ 1.6 ಕಿ.ಮೀ. ಓಟಕ್ಕೆ ಗರಿಷ್ಠ 60 ಅಂಕಗಳು ಹಾಗೂ ಪುಲ್-ಅಪ್‌ಗೆ ಗರಿಷ್ಠ 40 ಅಂಕಗಳಿವೆ. 9 ಅಡಿ ಅಗಲದ ಹಳ್ಳವನ್ನು ಜಿಗಿಯುವುದು ಮತ್ತು ಅಂಕುಡೊಂಕಾದ ತೊಲೆಯ ಮೇಲೆ ಸಮತೋಲನದಿಂದ ನಡೆಯುವುದು ಇವುಗಳಲ್ಲಿ ಉತ್ತೀರ್ಣರಾದರೆ ಸಾಕು, ಅಂಕಗಳಿಲ್ಲ. ಪುಲ್-ಅಪ್‌ಗೆ ಅಂಕಗಳನ್ನು ಈ ಕೆಳಕಂಡಂತೆ ನೀಡಲಾಗುತ್ತದೆ:

10 ಎಳೆತ – 40 ಅಂಕ
9 ಎಳೆತ – 33 ಅಂಕ
8 ಎಳೆತ – 27 ಅಂಕ
7 ಎಳೆತ – 21 ಅಂಕ
6 ಎಳೆತ – 16 ಅಂಕ

ಆರಕ್ಕಿಂತ ಕಡಿಮೆ ಎಳೆದವರು ಅನುತ್ತೀರ್ಣರಾಗುತ್ತಾರೆ. ಆರು ಮತ್ತು ಹತ್ತರ ನಡುವೆ ಇರುವ ಅಂತರ ನಾಲ್ಕೇ ಎಳೆತವಾದರೂ ಅಂಕಗಳ ಅಂತರ 24. ಆರರಿಂದ ಏಳಕ್ಕೆ ಏರಿದಾಗ 5 ಅಂಕ ದೊರೆತರೆ, ಒಂಬತ್ತರಿಂದ ಹತ್ತಕ್ಕೆ ಏರಿದಾಗ 7 ಅಂಕ ದೊರೆಯುತ್ತದೆ. ಅಂದರೆ ಅತ್ಯಂತ ಕಷ್ಟದ ಕೊನೆಯ ಎಳೆತಕ್ಕೇ ಅತಿ ಹೆಚ್ಚಿನ ಬೆಲೆ. ಆದ್ದರಿಂದ 'ಆರು ಬಂದರೆ ಸಾಕು' ಎಂಬ ಗುರಿಯನ್ನು ಇಟ್ಟುಕೊಳ್ಳಬಾರದು.

2. ಯಾವುದನ್ನು ಒಂದು ಎಳೆತವೆಂದು ಎಣಿಸಬೇಕು?

ಅಭ್ಯಾಸದಲ್ಲಿ ಅಭ್ಯರ್ಥಿಯು ತನಗೆ ತಾನೇ ಕಟ್ಟುನಿಟ್ಟಾಗಿರಬೇಕು. ಮೊಣಕೈಗಳು ಪೂರ್ಣ ನೆಟ್ಟಗಾಗುವಂತೆ ತೂಗಿ, ಕಾಲುಗಳನ್ನು ಬೀಸದೆ, ದೇಹವನ್ನು ಜೋಲಾಡಿಸದೆ, ಗದ್ದವು ಕಂಬಿಯ ಮೇಲಕ್ಕೆ ಬರುವವರೆಗೆ ಎಳೆದು, ಮತ್ತೆ ಕೈಗಳು ನೆಟ್ಟಗಾಗುವವರೆಗೆ ಇಳಿದರೆ ಮಾತ್ರ ಅದು ಒಂದು ಎಳೆತ. ಅರ್ಧಕ್ಕೆ ಇಳಿದು ಮತ್ತೆ ಏರುವುದು, ಕಾಲು ಒದ್ದು ಏರುವುದು ಇವುಗಳನ್ನು ಎಣಿಸಬಾರದು. ಮನೆಯಲ್ಲಿ ಹನ್ನೆರಡು ಎಂದು ಎಣಿಸಿಕೊಂಡವನು ಮೈದಾನದಲ್ಲಿ ಏಳಕ್ಕೆ ನಿಲ್ಲಲು ಇಂತಹ ಎಣಿಕೆಯೇ ಕಾರಣವಾಗಬಹುದು. ಅಂಗೈ ಮುಂದಕ್ಕೆ ಇರುವ ಹಿಡಿತದಲ್ಲಿಯೇ ಅಭ್ಯಾಸ ಮಾಡುವುದು ಲೇಸು. ಅಂಗೈ ತನ್ನ ಕಡೆಗೆ ಇರುವ ಹಿಡಿತಕ್ಕಿಂತ ಇದು ಕಠಿಣವಾದುದರಿಂದ, ಇದನ್ನು ಸಾಧಿಸಿದವರಿಗೆ ಅದೂ ಸುಲಭವಾಗುತ್ತದೆ.

3. ಬಲ ಬೆಳೆಯುವ ಬಗೆ

ಪುಲ್-ಅಪ್ ಕೇವಲ ತೋಳಿನ ವ್ಯಾಯಾಮವಲ್ಲ. ಬೆನ್ನಿನ ಎರಡೂ ಪಕ್ಕಗಳಲ್ಲಿ ಹರಡಿರುವ ಅಗಲವಾದ ಸ್ನಾಯುಗಳು, ಹೆಗಲ ಹಿಂಭಾಗದ ಮೂಳೆಗಳನ್ನು ಹಿಡಿದಿಡುವ ಸ್ನಾಯುಗಳು, ತೋಳು, ಮುಂಗೈ ಹಾಗೂ ಹೊಟ್ಟೆಯ ಸ್ನಾಯುಗಳು ಒಟ್ಟಾಗಿ ಕೆಲಸ ಮಾಡಬೇಕು. ಅಭ್ಯಾಸದ ಮೊದಲ ವಾರಗಳಲ್ಲಿ ಕಾಣುವ ಪ್ರಗತಿಯು ಬಹುಮಟ್ಟಿಗೆ ನರಗಳು ಈ ಸ್ನಾಯುಗಳನ್ನು ಒಗ್ಗೂಡಿಸುವುದನ್ನು ಕಲಿಯುವುದರಿಂದ ಆಗುತ್ತದೆ. ಸ್ನಾಯುಗಳು ದಪ್ಪವಾಗಿ ಬೆಳೆಯುವುದು ಅನಂತರ. ಸ್ನಾಯುಗಳನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳು ಇನ್ನೂ ನಿಧಾನವಾಗಿ ಬಲಗೊಳ್ಳುತ್ತವೆ. ಅವಸರದ ಅಭ್ಯಾಸದಿಂದ ಮೊಣಕೈ ಮತ್ತು ಹೆಗಲಿಗೆ ನೋವು ಬರುವುದು ಇದೇ ಕಾರಣಕ್ಕೆ. ಒಂದು ಎಳೆತವೂ ಬಾರದವರು ಆರು ತಿಂಗಳ ಅವಧಿಯನ್ನು ಕಾದಿರಿಸಿಕೊಳ್ಳುವುದು ಸುರಕ್ಷಿತ.

4. ಪ್ರಾರಂಭಕ್ಕೆ ಮುನ್ನ

ಹೃದಯದ ತೊಂದರೆ, ಉಬ್ಬಸ, ಹರ್ನಿಯಾ, ಹಿಂದೆ ಹೆಗಲು ಕೀಲು ತಪ್ಪಿದ್ದು ಅಥವಾ ಕೈ ಮುರಿದಿದ್ದು ಇದ್ದವರು ಮೊದಲು ವೈದ್ಯರನ್ನು ಕಾಣಬೇಕು. ಅಡ್ಡಕಂಬಿಗೆ ದುಬಾರಿ ವ್ಯಾಯಾಮ ಶಾಲೆಯ ಅಗತ್ಯವಿಲ್ಲ. ಶಾಲೆ-ಕಾಲೇಜಿನ ಮೈದಾನ, ತಾಲ್ಲೂಕು ಕ್ರೀಡಾಂಗಣ ಅಥವಾ ಊರಿನ ಗರಡಿಮನೆಯ ಕಂಬಿಯನ್ನು ಅನುಮತಿ ಪಡೆದು ಬಳಸಬಹುದು. ಗಟ್ಟಿಯಾದ ಎರಡು ಕಂಬಗಳ ನಡುವೆ ಕಬ್ಬಿಣದ ಕೊಳವೆಯನ್ನು ಭದ್ರವಾಗಿ ಕೂರಿಸಿಕೊಳ್ಳಲೂಬಹುದು. ಹಾಗೆ ಕೂರಿಸಿದ ಕೊಳವೆಯು ತಿರುಗಬಾರದು, ಬಾಗಬಾರದು. ಬಾಗಿಲ ಚೌಕಟ್ಟು, ಬಸ್ ತಂಗುದಾಣದ ಕಂಬಿ, ವಿದ್ಯುತ್ ತಂತಿಗಳ ಸಮೀಪದ ಯಾವುದೇ ಕಂಬ ಇವುಗಳಿಗೆ ಜೋತುಬೀಳಬಾರದು.

ಪ್ರತಿ ದಿನದ ಅಭ್ಯಾಸಕ್ಕೆ ಮುಂಚೆ ಐದರಿಂದ ಹತ್ತು ನಿಮಿಷ ನಿಧಾನವಾಗಿ ಓಡಿ, ಹೆಗಲು, ಮೊಣಕೈ ಮತ್ತು ಮಣಿಕಟ್ಟುಗಳನ್ನು ತಿರುಗಿಸಿ ಮೈ ಬೆಚ್ಚಗೆ ಮಾಡಿಕೊಳ್ಳಬೇಕು. ಮೊದಲ ದಿನ ತಾನು ಎಷ್ಟು ಪೂರ್ಣ ಎಳೆತ ಎಳೆಯಬಲ್ಲೆ ಎಂಬುದನ್ನು ಪರೀಕ್ಷಿಸಿ, ದಿನಾಂಕದೊಂದಿಗೆ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಅದರ ಆಧಾರದ ಮೇಲೆ ಕೆಳಗಿನ ಹಂತಗಳಲ್ಲಿ ತನ್ನದನ್ನು ಆರಿಸಿಕೊಳ್ಳಬಹುದು.

5. ಮೊದಲನೆಯ ಹಂತ: ಒಂದೂ ಬಾರದವರಿಗೆ

ವಾರಕ್ಕೆ ಮೂರು ದಿನ, ಒಂದು ದಿನದ ಅಂತರದಲ್ಲಿ, ಈ ಕೆಳಗಿನವುಗಳನ್ನು ಮಾಡಬೇಕು:

ಅ) ಕಂಬಿಗೆ ಸುಮ್ಮನೆ ಜೋತುಬೀಳುವುದು. 15 ಸೆಕೆಂಡಿನಿಂದ ಪ್ರಾರಂಭಿಸಿ ಕ್ರಮೇಣ 45 ಸೆಕೆಂಡಿಗೆ ಏರಿಸುವುದು, ಮೂರು ಸುತ್ತು.

ಆ) ಜೋತುಬಿದ್ದು ಮೊಣಕೈ ಮಡಿಸದೆ, ಹೆಗಲುಗಳನ್ನು ಮಾತ್ರ ಕಿವಿಯಿಂದ ಕೆಳಕ್ಕೆ ಎಳೆದು ಬಿಡುವುದು, 8 ಬಾರಿ, ಮೂರು ಸುತ್ತು. ಪ್ರತಿಯೊಂದು ಎಳೆತವೂ ಈ ಚಲನೆಯಿಂದಲೇ ಆರಂಭವಾಗುತ್ತದೆ.

ಇ) ಸೊಂಟದೆತ್ತರದ ಕಂಬಿಯ ಕೆಳಗೆ ಅಂಗಾತ ಹಿಡಿದು, ಹಿಮ್ಮಡಿ ನೆಲಕ್ಕೂರಿ, ಎದೆಯನ್ನು ಕಂಬಿಯ ಕಡೆಗೆ ಎಳೆಯುವುದು; 8ರಿಂದ 10 ಬಾರಿ, ಮೂರು ಸುತ್ತು.

ಈ) ಭದ್ರವಾದ ಪೀಠದ ಮೇಲೆ ನಿಂತು ಗದ್ದವನ್ನು ಕಂಬಿಯ ಮೇಲಿಟ್ಟು, ಅಲ್ಲಿಂದ ಕಾಲು ಬಿಟ್ಟು ಐದು ಸೆಕೆಂಡು ಎಣಿಸುತ್ತ ನಿಧಾನವಾಗಿ ಇಳಿಯುವುದು; 3 ಬಾರಿ, ಮೂರು ಸುತ್ತು.

ಏರಲಾಗದ ಭಾರವನ್ನೂ ಸ್ನಾಯುಗಳು ನಿಧಾನವಾಗಿ ಇಳಿಸಬಲ್ಲವು. ಆದುದರಿಂದ ಈ ನಾಲ್ಕರಲ್ಲಿ ಕೊನೆಯದು ಅತ್ಯಂತ ಫಲಕಾರಿ. ಮೈಕೈ ನೋವು ಹೆಚ್ಚು ತರುವುದೂ ಅದೇ. ಹತ್ತು ಸೆಕೆಂಡಿನ ಇಳಿತವನ್ನು ಐದು ಬಾರಿ ಮಾಡಲು ಸಾಧ್ಯವಾದಾಗ ಮೊದಲ ಪೂರ್ಣ ಎಳೆತವನ್ನು ಪ್ರಯತ್ನಿಸಬಹುದು.

6. ಎರಡನೆಯ ಹಂತ: ಒಂದರಿಂದ ನಾಲ್ಕು ಬರುವವರಿಗೆ

ಈ ಹಂತದಲ್ಲಿ ಪ್ರತಿ ಸಲವೂ ಕೈ ಸೋಲುವವರೆಗೆ ಎಳೆಯುವುದು ಸಾಮಾನ್ಯ ತಪ್ಪು. ಮೂರು ಬರುವವರು ಎರಡೆರಡು ಎಳೆತಗಳ ಐದು ಸುತ್ತುಗಳನ್ನು, ನಡುವೆ ಎರಡು ನಿಮಿಷ ವಿಶ್ರಾಂತಿ ಪಡೆದು ಮಾಡಿದರೆ, ಕ್ರಮ ಕೆಡದ ಹತ್ತು ಎಳೆತಗಳ ಅಭ್ಯಾಸವಾಗುತ್ತದೆ. ಪ್ರತಿ ವಾರ ಒಂದು ಸುತ್ತನ್ನು ಸೇರಿಸುತ್ತ ಒಟ್ಟು ಎಳೆತಗಳನ್ನು 16ಕ್ಕೆ ಏರಿಸಬೇಕು. ಒಂದೇ ಬರುವವರು ಒಂದೊಂದರಂತೆ ಎಂಟು ಸುತ್ತು ಮಾಡಬಹುದು. ಕೊನೆಯಲ್ಲಿ ಎರಡು ನಿಧಾನ ಇಳಿತಗಳನ್ನು ಮುಂದುವರಿಸಬೇಕು. ಮೂರು ವಾರಕ್ಕೊಮ್ಮೆ ಮಾತ್ರ ಗರಿಷ್ಠ ಸಂಖ್ಯೆಯನ್ನು ಪರೀಕ್ಷಿಸಿಕೊಳ್ಳಬೇಕು.

7. ಮೂರನೆಯ ಹಂತ: ಐದರಿಂದ ಒಂಬತ್ತು ಬರುವವರಿಗೆ

ವಾರದ ಮೂರು ದಿನಗಳಿಗೆ ಮೂರು ಬಗೆಯ ಕೆಲಸವನ್ನು ಹಂಚಬೇಕು. ಮೊದಲ ದಿನ ಏಣಿ ಕ್ರಮ: ಒಂದು, ಎರಡು, ಮೂರು ಎಳೆತಗಳನ್ನು ನಡುವೆ ಅಲ್ಪ ವಿಶ್ರಾಂತಿಯೊಂದಿಗೆ ಮಾಡಿ, ಅದನ್ನೇ ಮೂರು ಬಾರಿ ಪುನರಾವರ್ತಿಸುವುದು, ಒಟ್ಟು 18. ಎರಡನೆಯ ದಿನ ನಿಧಾನ ಕ್ರಮ: ಪ್ರತಿ ಇಳಿತಕ್ಕೆ ಮೂರು ಸೆಕೆಂಡು ತೆಗೆದುಕೊಂಡು ಮೂರು ಎಳೆತಗಳ ನಾಲ್ಕು ಸುತ್ತು. ಮೂರನೆಯ ದಿನ ಗರಿಷ್ಠಕ್ಕಿಂತ ಒಂದು ಕಡಿಮೆ ಎಳೆದು, ಮೂರು ನಿಮಿಷದ ವಿಶ್ರಾಂತಿಯ ನಂತರ ಅದರ ಅರ್ಧದಷ್ಟನ್ನು ಮೂರು ಸುತ್ತು. ಪ್ರತಿ ನಾಲ್ಕನೆಯ ವಾರ ಇಡೀ ಕೆಲಸವನ್ನು ಅರ್ಧಕ್ಕೆ ಇಳಿಸಬೇಕು. ಇದು ಸೋಮಾರಿತನವಲ್ಲ, ಬಲವು ಬೆಳೆಯುವುದು ವಿಶ್ರಾಂತಿಯ ಅವಧಿಯಲ್ಲಿಯೇ.

8. ಓಟದ ನಂತರದ ಹತ್ತು

ರ‍್ಯಾಲಿಯಲ್ಲಿ ಸಾಮಾನ್ಯವಾಗಿ ಮೊದಲು ಓಟ, ಅನಂತರ ಅಡ್ಡಕಂಬಿ. ಪೂರ್ಣ ವೇಗದ 1.6 ಕಿ.ಮೀ. ಓಡಿ ಏದುಸಿರು ಬಿಡುತ್ತಿರುವವರ ಹತ್ತು, ಮನೆಯಂಗಳದಲ್ಲಿ ದಣಿವಿಲ್ಲದೆ ಎಳೆದ ಹತ್ತಕ್ಕೆ ಸಮನಲ್ಲ. ಎಂಟು ಎಳೆತ ಬರತೊಡಗಿದ ಮೇಲೆ, ವಾರಕ್ಕೊಮ್ಮೆ ಓಟವನ್ನು ಮುಗಿಸಿ, ಕೆಲವು ನಿಮಿಷಗಳಲ್ಲಿಯೇ ಕಂಬಿ ಹಿಡಿದು ಅಭ್ಯಾಸ ಮಾಡಬೇಕು. ಆ ದಿನ ಬಂದ ಸಂಖ್ಯೆಯನ್ನೇ ತನ್ನ ನಿಜವಾದ ಸಂಖ್ಯೆ ಎಂದು ತಿಳಿಯಬೇಕು. ಮೈದಾನದಲ್ಲಿ ಹತ್ತು ಬೇಕೆನ್ನುವವರು ದಣಿವಿಲ್ಲದ ಸ್ಥಿತಿಯಲ್ಲಿ ಹನ್ನೆರಡು ಅಥವಾ ಹದಿಮೂರು ಬರುವಂತೆ ಸಿದ್ಧರಾಗಿರುವುದು ಒಳ್ಳೆಯದು.

9. ವಾರದ ವೇಳಾಪಟ್ಟಿ (ಮಾದರಿ)

ಸೋಮವಾರ, ಬುಧವಾರ, ಶುಕ್ರವಾರ – ಅಡ್ಡಕಂಬಿ. ಕೊನೆಯಲ್ಲಿ ದಂಡ ಮತ್ತು ಬಸ್ಕಿ
ಮಂಗಳವಾರ, ಶನಿವಾರ – ಓಟ
ಗುರುವಾರ – ಹಗುರ ನಡಿಗೆ, ಜಿಗಿತ ಮತ್ತು ಸಮತೋಲನದ ಅಭ್ಯಾಸ
ಭಾನುವಾರ – ಪೂರ್ಣ ವಿಶ್ರಾಂತಿ

ಓಟದ ನಂತರ ಕಂಬಿ ಹಿಡಿಯುವ ವಾರಗಳಲ್ಲಿ ಶುಕ್ರವಾರದ ಕೆಲಸವನ್ನು ಬಿಟ್ಟು, ಅದನ್ನು ಶನಿವಾರದ ಓಟದೊಂದಿಗೆ ಸೇರಿಸಬೇಕು. ಎಳೆಯುವ ಸ್ನಾಯುಗಳಷ್ಟೇ ತಳ್ಳುವ ಸ್ನಾಯುಗಳೂ ಬಲಗೊಂಡರೆ ಹೆಗಲಿನ ಕೀಲು ಸುಸ್ಥಿತಿಯಲ್ಲಿರುತ್ತದೆ. ನಮ್ಮ ಗರಡಿಗಳ ದಂಡವು ಇದಕ್ಕೆ ತಕ್ಕ ವ್ಯಾಯಾಮ.

10. ಆಹಾರ, ನಿದ್ರೆ ಮತ್ತು ದೇಹತೂಕ

ಪುಲ್-ಅಪ್‌ನಲ್ಲಿ ಎತ್ತಬೇಕಾದ ಭಾರವೆಂದರೆ ತನ್ನದೇ ದೇಹ. ಬೊಜ್ಜು ಇರುವವರು ಅದನ್ನು ನಿಧಾನವಾಗಿ ಕರಗಿಸಿದರೆ ಎಳೆತಗಳು ಹೆಚ್ಚುತ್ತವೆ. ಆದರೆ ಉಪವಾಸವಿದ್ದು ತೂಕ ಇಳಿಸಿದರೆ ಸ್ನಾಯುಗಳೂ ಕರಗುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ವಯಸ್ಕರಿಗೆ ದಿನವೊಂದಕ್ಕೆ ಪ್ರತಿ ಕಿ.ಗ್ರಾಂ. ದೇಹತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಕಠಿಣ ವ್ಯಾಯಾಮ ಮಾಡುವವರಿಗೆ ಇದಕ್ಕಿಂತ ಹೆಚ್ಚು ಬೇಕಾಗುತ್ತದೆ. ರಾಗಿ ಮುದ್ದೆ ಅಥವಾ ಜೋಳದ ರೊಟ್ಟಿಯೊಂದಿಗೆ ಹುರುಳಿ, ಹೆಸರುಕಾಳು, ಅವರೆ, ಕಡಲೆ, ಶೇಂಗಾ, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ ಮತ್ತು ಮೀನು ಇವೆಲ್ಲವೂ ಮನೆಯ ಅಡುಗೆಯಲ್ಲಿಯೇ ದೊರೆಯುವ ಪ್ರೋಟೀನ್ ಮೂಲಗಳು. ರಾತ್ರಿ ಏಳರಿಂದ ಎಂಟು ಗಂಟೆಗಳ ನಿದ್ರೆ ಅವಶ್ಯ.

ಬೇಗ ಬಲ ಬರುವುದೆಂದು ನಂಬಿಸಿ ಮಾರುವ ಚುಚ್ಚುಮದ್ದು, ಮಾತ್ರೆ ಹಾಗೂ ಹೆಸರಿಲ್ಲದ ಪುಡಿಗಳನ್ನು ಸೇವಿಸಬಾರದು. ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳುವ ಸ್ಟೀರಾಯ್ಡ್‌ಗಳಿಂದ ಯಕೃತ್ತು, ಹೃದಯ ಮತ್ತು ಹಾರ್ಮೋನುಗಳ ಸಮತೋಲನಕ್ಕೆ ಹಾನಿಯಾಗುತ್ತದೆ.

11. ಎಚ್ಚರಿಕೆಗಳು

ಅಭ್ಯಾಸದ ಮರುದಿನ ಸ್ನಾಯುಗಳು ಬಿಗಿಯುವುದು ಸಹಜ. ಆದರೆ ಮೊಣಕೈ ಒಳಭಾಗದಲ್ಲಿ ಅಥವಾ ಹೆಗಲಿನ ಕೀಲಿನಲ್ಲಿ ಚುಚ್ಚುವ ನೋವು ಕಂಡುಬಂದರೆ ಕಂಬಿಯ ಅಭ್ಯಾಸವನ್ನು ನಿಲ್ಲಿಸಿ, ವೈದ್ಯರನ್ನು ಕಾಣಬೇಕು. ಒಂದೇ ದಿನ ಅತಿಯಾಗಿ ಎಳೆದ ನಂತರ ತೋಳುಗಳು ವಿಪರೀತ ಊದಿಕೊಂಡು, ಮೂತ್ರವು ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅದು ಸ್ನಾಯುಗಳು ಒಡೆದು ಮೂತ್ರಪಿಂಡಕ್ಕೆ ಅಪಾಯವಾಗುತ್ತಿರುವ ಸೂಚನೆ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅಂಗೈಯ ಗಡಸು ಚರ್ಮವನ್ನು ಉಜ್ಜಿ ಸಮ ಮಾಡಿಕೊಳ್ಳಬೇಕು. ಕಿತ್ತುಬಂದ ಚರ್ಮವಿದ್ದಲ್ಲಿ ಪರೀಕ್ಷೆಯ ದಿನ ಹಿಡಿತ ನಿಲ್ಲುವುದಿಲ್ಲ. ಪರೀಕ್ಷೆಗೆ ಮುಂಚಿನ ವಾರ ಅಭ್ಯಾಸವನ್ನು ಅರ್ಧಕ್ಕೆ ಇಳಿಸಿ, ಕೊನೆಯ ಎರಡು ದಿನ ಕಂಬಿಯನ್ನು ಮುಟ್ಟದಿರುವುದು ಒಳ್ಳೆಯದು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪ್ರತಿದಿನ ಎಳೆದರೆ ಬೇಗ ಹೆಚ್ಚುವುದಿಲ್ಲವೇ?
ಉತ್ತರ: ಹೊಸಬರಿಗೆ ಇಲ್ಲ. ವಾರಕ್ಕೆ ಮೂರು ದಿನ ಕ್ರಮಬದ್ಧವಾಗಿ ಮಾಡುವುದೇ ಸಾಕು.

ಪ್ರಶ್ನೆ: ಐದಕ್ಕೆ ಬಂದು ಒಂದು ತಿಂಗಳಿನಿಂದ ಅಲ್ಲೇ ನಿಂತಿದ್ದೇನೆ. ಏನು ಮಾಡಬೇಕು?
ಉತ್ತರ: ಒಂದು ವಾರ ಅರ್ಧ ಕೆಲಸ ಮಾಡಿ, ಅನಂತರ ಗರಿಷ್ಠ ಸಂಖ್ಯೆಯನ್ನು ಬೆನ್ನಟ್ಟದೆ ಮೂರು ವಾರ ಏಣಿ ಕ್ರಮ ಮತ್ತು ನಿಧಾನ ಕ್ರಮಗಳನ್ನಷ್ಟೇ ಅನುಸರಿಸಿ. ಊಟ ಮತ್ತು ನಿದ್ರೆಯನ್ನೂ ಗಮನಿಸಿಕೊಳ್ಳಿ.

ಪ್ರಶ್ನೆ: ಮಹಿಳಾ ಅಭ್ಯರ್ಥಿಗಳಿಗೂ ಪುಲ್-ಅಪ್ ಇದೆಯೇ?
ಉತ್ತರ: ಮಹಿಳಾ ಸೇನಾ ಪೊಲೀಸ್ ವಿಭಾಗದ ಪರೀಕ್ಷೆಯಲ್ಲಿ ಓಟ, ಉದ್ದ ಜಿಗಿತ ಮತ್ತು ಎತ್ತರ ಜಿಗಿತಗಳಿವೆ. ಆರೋಗ್ಯಕ್ಕಾಗಿ ಪುಲ್-ಅಪ್ ಕಲಿಯಬಯಸುವ ಮಹಿಳೆಯರು ಇದೇ ಹಂತಗಳನ್ನು ಅನುಸರಿಸಬಹುದು. ಮೊದಲ ಹಂತಕ್ಕೆ ಹೆಚ್ಚು ಕಾಲ ಬೇಕಾಗಬಹುದು.

ಪ್ರಶ್ನೆ: ಆಯ್ಕೆಯಾಗದಿದ್ದರೆ ಈ ಶ್ರಮವೆಲ್ಲ ವ್ಯರ್ಥವೇ?
ಉತ್ತರ: ಇಲ್ಲ. ವಯೋಮಿತಿಯೊಳಗಿದ್ದರೆ ಮುಂದಿನ ನೇಮಕಾತಿಗೆ ಮತ್ತೆ ಅರ್ಜಿ ಸಲ್ಲಿಸಬಹುದು. ಗಳಿಸಿದ ಬಲವು ಅಭ್ಯಾಸ ಇರುವವರೆಗೆ ಉಳಿಯುತ್ತದೆ ಮತ್ತು ಬೇರೆ ಸೇವೆಗಳ ದೈಹಿಕ ಪರೀಕ್ಷೆಗೂ ನೆರವಾಗುತ್ತದೆ.

ಸೂಚನೆ: ವಯೋಮಿತಿ, ಎತ್ತರ, ಓಟದ ಅವಧಿ ಹಾಗೂ ಅಂಕಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುತ್ತವೆ. ಅಭ್ಯರ್ಥಿಗಳು ಆಯಾ ವರ್ಷದ ಅಧಿಸೂಚನೆಯನ್ನು ಸೇನೆಯ ಅಧಿಕೃತ ನೇಮಕಾತಿ ಜಾಲತಾಣದಲ್ಲಿ ಅಥವಾ ತಮ್ಮ ಜಿಲ್ಲೆಗೆ ಸಂಬಂಧಿಸಿದ ಸೇನಾ ನೇಮಕಾತಿ ಕಚೇರಿಯಲ್ಲಿ ಪರಿಶೀಲಿಸಿಕೊಳ್ಳತಕ್ಕದ್ದು. ಹಣ ಪಡೆದು ಆಯ್ಕೆ ಮಾಡಿಸುವುದಾಗಿ ಹೇಳುವ ಮಧ್ಯವರ್ತಿಗಳನ್ನು ನಂಬಬಾರದು. ಅಡ್ಡಕಂಬಿಯಲ್ಲಿ ಅಭ್ಯರ್ಥಿಯ ಪರವಾಗಿ ಬೇರೆ ಯಾರೂ ಎಳೆಯಲಾರರು.